ಬೊಚ್ಚುದೊರೆಯ ಕೋಲು

ನಮ್ಮ ಕಣದಲ್ಲಿ ಕಾಫಿ ಕೆದಕಲಿಕ್ಕೆ ಒಂದು ಕೋಲಿದೆ. ಊರ ಬಡಗಿ ಮಾಡಿದ್ದಲ್ಲ. ಎದೆಮಟ್ಟದ ಉದ್ದ, ತುದಿಯಲ್ಲಿ ಚಪ್ಪಟೆ ಪಾದ, ಆ ಪಾದ ಒಂದು ಪಕ್ಕಕ್ಕೆ ಹೊರಳಿಕೊಂಡಿದೆ. ಹರಡಿದ ಕಾಫಿಯ ಮೇಲೆ ಒಂದು ಸಲ ಎಳೆದರೆ ಕಾಳು ಮಗುಚಿಕೊಳ್ಳುತ್ತಾ ಹೋಗುತ್ತದೆ. ನೋಡಿದವರೆಲ್ಲ, "ಇದೆಲ್ಲಿ ಮಾಡಿಸ್ದೆ ಶಿವಣ್ಣ, ನಂಗೂ ಒಂದು ಬೇಕಿತ್ತಲ್ಲ" ಎನ್ನುತ್ತಾರೆ. ಇದು ಕೆರೆಗಳು ಕಲ್ಲಾಗುವ ಒಂದು ದೇಶದಿಂದ ಹಡಗು ಹತ್ತಿ ಬಂದ ಕೋಲು, ಇದನ್ನು ಹಿಡಿದು ಒಬ್ಬ ಮನುಷ್ಯ ಸಂಬಳಕ್ಕೆ ಆಟ ಆಡುತ್ತಿದ್ದ ಎಂದರೆ ಯಾರೂ ನಂಬುವುದಿಲ್ಲ. ನಾನೂ ಒತ್ತಾಯ ಮಾಡುವುದಿಲ್ಲ. ಆ ಮನುಷ್ಯನ ಆಟದ ಬದುಕಿನಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಈ ಕೋಲು ಒಂದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೀಗೆಂದಾಗಲೆಲ್ಲ ನನ್ನ ಹೆಂಡತಿ ಗಿರಿಜೆ ಕೆದಕುವುದನ್ನು ನಿಲ್ಲಿಸಿ ನನ್ನ ಕಡೆ ದುರುಗುಟ್ಟಿ ನೋಡುತ್ತಾಳೆ. ಅವಳ ಪಾಲಿಗೆ ಅವನು ದೇವರಂಥ ಮನುಷ್ಯ. ನನ್ನ ಬಾಯಿಯ ಮುಂದಿನ ಹಲ್ಲುಗಳು ಹಾಸನದಲ್ಲಿ ಕಟ್ಟಿಸಿದವು; ಅವಳ ಹಲ್ಲುಗಳೆಲ್ಲ ಸ್ವಂತದವು. ನಮ್ಮ ಅಭಿಪ್ರಾಯ ಬೇರೆಯಾಗಲು ಇಷ್ಟು ಕಾರಣ ಸಾಕು.

ರಾಜ್ಯ ಒಂದಾದ ಹೊಸತು. ನಾನಾಗ ಹೊಂಗಡಹಳ್ಳದ ದಾರಿಯ ಒಂದು ಎಸ್ಟೇಟಿನಲ್ಲಿ ಸ್ಟೋರ್ ರೈಟರ್. ಅಂದರೆ ಕತ್ತಿ, ಗುದ್ದಲಿ, ಗೋಣಿಚೀಲ, ಗೊಬ್ಬರ ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿ. ಹುಟ್ಟೂರು ಆನೇಮಹಲ್, ಅಲ್ಲಿ ರಸ್ತೆ ಬದಿಗೆ ನಮ್ಮಪ್ಪನ ದಿನಸಿ ಅಂಗಡಿ. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಎಸ್ಟೇಟು ಮಾರಿಕೊಂಡು ತಮ್ಮ ಸೀಮೆಗೆ ಹೊರಡುತ್ತಿದ್ದ ಕಾಲ ಅದು. ಎಲ್ಲರೂ ಹೋಗುತ್ತಿರುವಾಗ ಈ ಮನುಷ್ಯ ನಮ್ಮ ಎಸ್ಟೇಟಿಗೆ ಮ್ಯಾನೇಜರಾಗಿ ಬಂದ. ಎಲ್ಲರೂ ಇಳಿದು ಖಾಲಿಯಾದ ಬಸ್ಸನ್ನು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದವನ ಹಾಗೆ. ಹೆಸರು ಗೋರ್ಡನ್. ಬಾಗಿಲೆತ್ತರದ ಆಳು, ಮುರಿದು ಕೂಡಿದ ಮೂಗು, ಕೆಟ್ಟುಹೋದ ಮಂಡಿ. ಮೇಲಿನ ಸಾಲಿನ ಹಲ್ಲು ಕಟ್ಟಿಸಿದ್ದು. ಸಿಟ್ಟು ಬಂದರೆ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು ಆಮೇಲೆ ಬೈಯುತ್ತಿದ್ದ. ಲೈನ್ ಮನೆಗಳ ಕೂಲಿ ಹೆಂಗಸರು ಬಂದ ವಾರದಲ್ಲೇ ಅವನಿಗೆ ಬೊಚ್ಚುದೊರೆ ಎಂದು ನಾಮಕರಣ ಮಾಡಿ ಮುಗಿಸಿದರು.

ಕನ್ನಡ ಅವನು ಕಲಿತದ್ದು ಮೇಸ್ತ್ರಿಯಿಂದ. ಮೇಸ್ತ್ರಿ ಆಳುಗಳ ಹತ್ತಿರ ಆಡುವ ಮಾತು ಬಾ, ಹೋಗು, ಎತ್ತು, ಇಳಿಸು ಇಷ್ಟೇ ಆದ್ದರಿಂದ ದೊರೆಯ ಕನ್ನಡವೂ ಅಷ್ಟೇ. ಹಿರಿಯರಿಗೆ ಬಹುವಚನ ಹಾಕಬೇಕು ಎಂದು ಅವನಿಗೆ ಯಾರೂ ಹೇಳಲಿಲ್ಲ. ನಮ್ಮಪ್ಪನನ್ನು ಮೊದಲ ಸಲ ಕಂಡಾಗ, "ನೀನು ಶಿವ ಅಪ್ಪ ಇದೆಯಾ?" ಎಂದು ಕೇಳಿದ.

"ಐತೆ ಸ್ವಾಮಿ," ಎಂದರು ನಮ್ಮಪ್ಪ.

ಸಂಜೆ ಸ್ಟೋರ್ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದು ಗೊಬ್ಬರದ ಮೂಟೆಯ ಮೇಲೆ ಕೂತು ತನ್ನ ಚರಿತ್ರೆ ಹೇಳುವುದು ಅವನ ಚಟ. ಬೀಗ ಹಾಕಬೇಕಾದವನು ನಾನು, ಆದ್ದರಿಂದ ಕೇಳಲೇಬೇಕಾದವನೂ ನಾನೇ. ಅವನ ದೇಶದಲ್ಲಿ ಚಳಿಗಾಲಕ್ಕೆ ಕೆರೆ ಕಲ್ಲಾಗುತ್ತದಂತೆ. ಕಾಲಿಗೆ ಕತ್ತಿಯಂಥ ಅಲಗು ಕಟ್ಟಿಕೊಂಡು ಅದರ ಮೇಲೆ ಜಾರುತ್ತಾ, ಚೆಂಡಿನ ಬದಲು ರಬ್ಬರಿನ ಬಿಲ್ಲೆಯೊಂದನ್ನು ಈ ಕೋಲಿನಿಂದ ಹೊಡೆಯುವುದಂತೆ. ಅದು ಐಸ್ ಹಾಕಿ. ಕಾರ್ಖಾನೆಯ ಊರೊಂದರ ತಂಡದವರು ಇವನಿಗೆ ಸಂಬಳ ಕೊಟ್ಟು ಆಡಿಸುತ್ತಿದ್ದರಂತೆ. ಮಂಡಿ ಹೋಯಿತು. ಆಡಲಾಗದವನು ಕಲಿಸುತ್ತೇನೆಂದು ಸಮುದ್ರ ದಾಟಿ ಇನ್ನೊಂದು ದೇಶಕ್ಕೆ ಹೋಗಿ ಕೋಚ್ ಆದ. ಅಲ್ಲಿ ಕೆರೆ ತಾನಾಗಿ ಕಲ್ಲಾಗುವುದಿಲ್ಲ. ದೊಡ್ಡ ಗೋಡೌನಿನಂಥ ಕಟ್ಟಡದೊಳಗೆ ಯಂತ್ರ ಇಟ್ಟು ನೀರನ್ನು ಹೆಪ್ಪುಗಟ್ಟಿಸಬೇಕು. ಇವನ ತಂಡ ಸೋತೂ ಸೋತೂ ನೋಡುವವರು ಬರುವುದನ್ನು ಬಿಟ್ಟರು. ಕಟ್ಟಡದ ಯಜಮಾನ ಯಂತ್ರ ನಿಲ್ಲಿಸಿ, ಐಸ್ ಕರಗಿಸಿ, ಅಲ್ಲಿ ಗಂಡಸರು ಹೆಂಗಸರು ಕುಣಿಯುವ ಹಾಲ್ ಮಾಡಿದ. ಐಸಿನ ಜೊತೆ ಇವನ ಕೆಲಸವೂ ಮೋರಿಗೆ ಹರಿದುಹೋಯಿತು. ಹಳೇ ಪರಿಚಯದವನೊಬ್ಬ ಕಾಫಿ ಎಸ್ಟೇಟಿನಲ್ಲಿ ಕೆಲಸವಿದೆ ಎಂದ, ಬಂದುಬಿಟ್ಟ. ಇದಿಷ್ಟು ಆ ಮಹಾಪುರುಷನ ಚರಿತ್ರೆ.

"ಮದುವೆ?" ಎಂದು ಒಮ್ಮೆ ಕೇಳಿದೆ.

"ಒಂದು ಹುಡುಗಿ ಇತ್ತು. ನಾನು ಬೇಕು, ಐಸ್ ಬೇಕು, ಯಾವುದು ಅಂತ ಕೇಳ್ತು. ನಾನು ಐಸ್ ಅಂತ ಹೇಳ್ತು."

ಆಮೇಲೆ ಐಸೂ ಹೋಯಿತು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಆಟವೂ ಇಲ್ಲ. ಇಂಥ ವ್ಯಾಪಾರ ಮಾಡಿದ್ದನ್ನು ಕೇಳಿ ನಮ್ಮ ಅಂಗಡಿಯ ವಂಶದ ರಕ್ತ ಕುದಿಯಿತು. ನಮ್ಮಪ್ಪನಿಗಂತೂ ಆಟಕ್ಕೆ ಸಂಬಳ ಎಂಬುದೇ ಅರಗಲಿಲ್ಲ. "ಆಡಾಕೆ ಸಂಬ್ಳ ಕೊಡ್ತಾರೇನ್ಲಾ? ಹಂಗಾರೆ ಉಣ್ಣಾಕೂ ಮಲಗಾಕೂ ಕೊಡ್ಬೋದು," ಎಂದರು.

ಬಂಗಲೆಯಲ್ಲಿ, ನಮ್ಮ ಮನೆಗಳಲ್ಲಿ ದೇವರ ಪಟ ಇರುವ ಜಾಗದಲ್ಲಿ, ಒಂದು ಫೋಟೋ ಇತ್ತು. ಇವನೂ ಇವನ ತಂಡದ ಜೊತೆಗಾರರು ಮೂವರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದರು. ಟೆಡ್, ಬಾಬ್, ಹ್ಯಾರಿ. ನಾಲ್ಕು ಬಾಯಿ ಸೇರಿಸಿದರೆ ಒಬ್ಬನಿಗೆ ಸಾಲುವಷ್ಟು ಮುಂದಿನ ಹಲ್ಲು. ಟೆಡ್ ಎಲ್ಲರ ಪಾಲಿನ ಊಟವನ್ನೂ ತಾನೇ ತಿಂದುಬಿಡುತ್ತಿದ್ದ. ಬಾಬ್ ಜಗಳಗಂಟ. ಹ್ಯಾರಿ ರೈಲಿನಲ್ಲಿ ಊರಿಂದೂರಿಗೆ ಹೋಗುವಾಗ ಹಾಡುತ್ತಿದ್ದ. ಈ ಮೂವರ ಕತೆ ಎಷ್ಟು ಕೇಳಿದ್ದೆನೆಂದರೆ ನನ್ನ ಸೋದರಮಾವಂದಿರ ವಿಷಯವೇ ನನಗೆ ಅಷ್ಟು ಗೊತ್ತಿರಲಿಲ್ಲ. "ಈಗೆಲ್ಲಿದ್ದಾರೆ?" ಎಂದರೆ, "ಗೊತ್ತಿಲ್ಲ. ಐಸ್ ಹೋಯ್ತು, ಎಲ್ಲ ಹೋಯ್ತು," ಎನ್ನುವನು.

ನಮ್ಮ ಬೆಟ್ಟದ ಸೀಮೆಗೂ ಹಾಕಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇತ್ತು. ನಾನೂ ನನ್ನ ಗೆಳೆಯ ಕರೀಮನೂ ಚಿಕ್ಕಂದಿನಲ್ಲಿ ಆನೇಮಹಲಿನ ರಸ್ತೆಯಲ್ಲಿ ಡೊಂಕು ಬಿದಿರಿನ ಬುಡ ಹಿಡಿದು, ತೋಟದಲ್ಲಿ ಉದುರಿ ಒಣಗಿ ಗಟ್ಟಿಯಾದ ಕಿತ್ತಳೆಯನ್ನು ಹೊಡೆಯುತ್ತಾ ಬೆಳೆದವರು. ಆಗ ಕರೀಮನ ಅಪ್ಪನದು ಎತ್ತಿನ ಗಾಡಿ. ಕರೀಮ್ ಹೊಡೆದ ಕಿತ್ತಳೆಯೊಂದು ಒಮ್ಮೆ ನಮ್ಮಂಗಡಿಯ ಪೆಪ್ಪರಮೆಂಟಿನ ಭರಣಿಯನ್ನು ಪುಡಿ ಮಾಡಿ, ನಾವಿಬ್ಬರೂ ಗಾಜಿನ ಚೂರುಗಳ ನಡುವಿನಿಂದ ಪೆಪ್ಪರಮೆಂಟು ಆರಿಸಿ ತಿಂದೆವು. ಆ ರುಚಿ ಇನ್ನೂ ನಾಲಗೆಯಲ್ಲಿದೆ, ನಮ್ಮಪ್ಪನ ಏಟು ಬೆನ್ನಿನಲ್ಲಿದೆ. ಮುಂದೆ ಅವರ ಮನೆಗೆ ಮರ ಸಾಗಿಸುವ ಲಾರಿ ಬಂತು, ಜೀಪು ಬಂತು. ಕರೀಮ್ ಸಕಲೇಶಪುರದ ತಂಡದ ಕ್ಯಾಪ್ಟನ್ ಆದ. ಪ್ರತಿವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಪೇಟೆಯವರಿಗೂ ಎಸ್ಟೇಟಿನವರಿಗೂ ಒಂದು ಪಂದ್ಯ. ಪ್ರತಿವರ್ಷವೂ ಎಸ್ಟೇಟಿನವರು ಸೋಲುವುದು, ಪೇಟೆಯವರು ನಮ್ಮ ಖರ್ಚಿನಲ್ಲಿ ಕಾಫಿ ಕುಡಿಯುವುದು. ಯಾರಿಗೂ ಬೇಸರವಿರಲಿಲ್ಲ.

ಬೊಚ್ಚುದೊರೆ ಈ ನೆಮ್ಮದಿಗೆ ಕಲ್ಲು ಹಾಕಿದ. ಈ ವರ್ಷ ಕೋಚ್ ನಾನು ಎಂದ. ಹಾಳೂರಿಗೆ ಉಳಿದವನೇ ಗೌಡ. ನಮ್ಮಲ್ಲಿ ಬೇರಾರೂ ಕೋಚ್ ಎಂಬ ಪ್ರಾಣಿಯನ್ನು ಕಂಡವರಿರಲಿಲ್ಲ. ನನ್ನನ್ನು ಗೋಲಿಗೆ ನಿಲ್ಲಿಸಿದ. "ಸ್ಟೋರ್ ಬಾಗಿಲು ನೀನು ಕಾಯ್ತದೆ. ಗೋಲೂ ಬಾಗಿಲು. ಕಾಯಿ," ಎಂದ.

ಆ ಸಮಯದಲ್ಲೇ ನನಗೆ ಆಲೂರಿನ ಕಡೆಯ ಸಂಬಂಧವೊಂದು ಕೂಡಿಬರುತ್ತಿತ್ತು. ಹುಡುಗಿ ಗಿರಿಜೆ. ಅವಳನ್ನು ನಾನು ಹಾಸನದ ನೆಂಟರ ಮದುವೆಯೊಂದರಲ್ಲಿ ಬಡಿಸುವಾಗ ನೋಡಿದ್ದೆ. ಬೇಡವೆಂದರೂ ಎರಡನೇ ಸಲ ಪಾಯಸ ಹಾಕಿ ಹೋಗಿದ್ದಳು. ಅಂದಿನಿಂದ ನನಗೆ ಗೊಬ್ಬರದ ಮೂಟೆ ಎಣಿಸಿದರೆ ಲೆಕ್ಕ ತಪ್ಪುತ್ತಿತ್ತು. ತೊಡಕಿದ್ದದ್ದು ಅವಳ ಅಜ್ಜನದು. ನಂಜಪ್ಪಜ್ಜ ಜೀವಮಾನವೆಲ್ಲ ದನದ ವ್ಯಾಪಾರ ಮಾಡಿದವನು. ಎತ್ತಿನ ತುಟಿ ಎತ್ತಿ ಹಲ್ಲು ನೋಡದೆ ಬೆಲೆ ಕಟ್ಟಿದವನಲ್ಲ. ಮೊಮ್ಮಗಳಿಗೆ ಬಂದ ಗಂಡುಗಳನ್ನೂ ಹಾಗೇ ನೋಡುತ್ತಾನೆ, ಹುಳುಕು ಹಲ್ಲಿನ ಒಬ್ಬನನ್ನೂ ಹಲ್ಲು ಹೊಯ್ದಾಡುವ ಇನ್ನೊಬ್ಬನನ್ನೂ ಕಾಫಿಯನ್ನೂ ಕೊಡದೆ ಕಳಿಸಿದ್ದಾನೆ ಎಂದು ಸುದ್ದಿ. ನಮ್ಮವ್ವ ನನಗೆ ದಿನಾ ಬೇವಿನ ಕಡ್ಡಿ ಕೊಟ್ಟು ಎದುರಿಗೆ ನಿಂತು ಉಜ್ಜಿಸುತ್ತಿದ್ದಳು. ಹುಡುಗಿ ನೋಡುವ ಶಾಸ್ತ್ರ ಪಂದ್ಯದ ಮುಂದಿನ ವಾರಕ್ಕೆ ಗೊತ್ತಾಯಿತು. ಕರೀಮ್ ಒಬ್ಬನೇ ಮೊದಲೇ ಎಚ್ಚರಿಸಿದವನು: "ಮದ್ವೆ ಮುಂದಿಟ್ಕಂಡು ಗೋಲಿಗೆ ನಿಲ್ಬ್ಯಾಡ ಕಣೋ ಮಾರಾಯ. ಆ ಬೊಚ್ಚ ನಿನ್ನೂ ಬೊಚ್ಚ ಮಾಡ್ತಾನೆ." ದೊರೆಗೆ ಇಲ್ಲ ಎಂದರೆ ಬೀಗದ ಕೈ ಬಿಚ್ಚಿ ಕೊಟ್ಟು ಮನೆಗೆ ಹೋಗಬೇಕು. ಕೆಲಸವಿಲ್ಲದ ಗಂಡಿಗೆ ಹಲ್ಲಿದ್ದೇನು ಪ್ರಯೋಜನ ಎಂದು ನಿಂತೆ.

ತಾಲೀಮು ಶುರುವಾಯಿತು. ನೆಲ ಜಾರುವುದಿಲ್ಲ ಎಂಬುದೇ ದೊರೆಯ ದೊಡ್ಡ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವನ್ನೇ ತಿದ್ದಲು ಹೊರಟ. ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿದ ಕಾಫಿಯನ್ನು ತೊಟ್ಟಿಯಲ್ಲಿ ಇಟ್ಟು ತೊಳೆದಾಗ ಒಂದು ಲೋಳೆ ನೀರು ಬರುತ್ತದೆ. ಅದರ ಮೇಲೆ ಕಾಲಿಟ್ಟವನು ಬೀಳುವ ಮೊದಲು ದೇವರನ್ನು ನೆನೆಯಲೂ ಪುರುಸೊತ್ತಿರುವುದಿಲ್ಲ. ಆ ಲೋಳೆಯನ್ನು ಬಕೆಟ್ಟುಗಳಲ್ಲಿ ತರಿಸಿ, ಕಾಫಿ ಒಣಗಿಸುವ ಸಿಮೆಂಟಿನ ಕಣಕ್ಕೆಲ್ಲ ಸುರಿಸಿ, "ಐಸ್!" ಎಂದು ಕೂಗಿದ. ನಾವು ಪಾದಕ್ಕೆ ಗೋಣಿಪಟ್ಟಿ ಸುತ್ತಿಕೊಂಡು ಅದರ ಮೇಲೆ ಇಳಿದೆವು. ಮೇಸ್ತ್ರಿ ಕಣದ ಈ ತುದಿಯಲ್ಲಿ ಬಿದ್ದವನು ಆ ತುದಿಯ ಗೋಡೆಗೆ ಬಡಿದು ನಿಂತ. ಹುಳಿನಾತಕ್ಕೆ ಎಸ್ಟೇಟಿನ ನೊಣಗಳೆಲ್ಲ ಪಂದ್ಯ ನೋಡಲು ಬಂದವು. ಲೈನ್ ಹೆಂಗಸರು ಕುಯ್ಲು ಬಿಟ್ಟು ಬಂದು ಸಾಲಾಗಿ ಕೂತು ಕಣ್ಣೀರು ಬರುವಷ್ಟು ನಕ್ಕರು. ದೊರೆ ಮಾತ್ರ ನಗಲಿಲ್ಲ. ಕೆಟ್ಟ ಮಂಡಿಯ ಆ ದಡಿಯ, ಆ ಲೋಳೆಯ ಮೇಲೆ ಈ ಕೋಲು ಹಿಡಿದು, ಒಮ್ಮೆಯೂ ಬೀಳದೆ, ಕಣದ ಸುತ್ತ ಜಾರಿಕೊಂಡು ಹೋದ. ಆ ಒಂದು ಕ್ಷಣ ಹೆಂಗಸರೂ ಸುಮ್ಮನಾದರು ಎಂದು ಒಪ್ಪಿಕೊಳ್ಳುತ್ತೇನೆ. ಮರುಕ್ಷಣ ಬಾಯಿ ತೆರೆದು ಪಾಠ ಶುರುಮಾಡಿ ಎಲ್ಲ ಕೆಡಿಸಿದ.

ಪಾಠವಾದರೂ ಎಂಥದು? ಎದುರಾಳಿ ಬಂದರೆ ಚೆಂಡು ಬಿಟ್ಟು ಅವನ ಮೈಗೆ ಹೆಗಲು ಕೊಟ್ಟು ಗುದ್ದಬೇಕು. ತಪ್ಪು ಮಾಡಿದವನು ಹೊರಗೆ ಬಂದು ಸ್ವಲ್ಪ ಹೊತ್ತು ಪೆಟ್ಟಿಗೆಯಲ್ಲಿ ಕೂರಬೇಕು; ಅದಕ್ಕೆಂದು ನನ್ನ ಸ್ಟೋರಿನಿಂದ ಮರದ ಪೆಟ್ಟಿಗೆಯೊಂದನ್ನು ತಂದಿಟ್ಟ. ಇಡೀ ದಿನ ಗುದ್ದಲಿ ಹಿಡಿದ ನಮ್ಮ ಆಳುಗಳಿಗೆ ಕೂರುವುದು ಶಿಕ್ಷೆ ಎಂಬ ಸಂಗತಿಯೇ ಹೊಸದು. ಪೆಟ್ಟಿಗೆಗಾಗಿ ಪೈಪೋಟಿಯಲ್ಲಿ ತಪ್ಪು ಮಾಡತೊಡಗಿದರು. ನನಗೆ ಕಲಿಸಿದ್ದು ಒಂದೇ ಮಾತು: "ಚೆಂಡು ಬರ್ತದೆ, ನೀನು ಬೀಳು. ಕೈ ಇದೆ ಕೈ ಕೊಡು. ಮುಖ ಇದೆ ಮುಖ ಕೊಡು." ಇನ್ನೂ ಒಂದು ಹೇಳಿದ್ದ. ಗೋಲು ಕಾಯುವವನು ಬಿದ್ದು ಏಳಲಾಗದಿದ್ದರೆ, ಪಕ್ಕದವನು ಬಂದು ಅವನ ಮುಂದೆ ಅಡ್ಡ ಬೀಳಬೇಕು. ಇದೇ ತಮ್ಮ ಆಟದ ಮೊದಲ ನಿಯಮ ಎಂದ. ಬೀಳುವುದನ್ನು ಬಿಟ್ಟು ಬೇರೇನೂ ಇಲ್ಲದ ಆಟ ಅದು.

ಪಂದ್ಯ ಪೇಟೆಯ ಮೈದಾನದಲ್ಲಿ. ನೆಲ ಒಣಗಿ ಕಾದಿತ್ತು. ಜಾರುವುದಿರಲಿ, ಬಿದ್ದವನ ಚರ್ಮ ಅಲ್ಲೇ ಉಳಿಯುವಂತಿತ್ತು. ನಮ್ಮವರು ಹೆಗಲು ಕೊಟ್ಟು ಗುದ್ದಿದರು, ಶಾಲೆಯ ಡ್ರಿಲ್ ಮೇಷ್ಟ್ರು ಪೀಪಿ ಊದಿದರು. ನಮ್ಮವರು ಖುಷಿಯಾಗಿ ಹೋಗಿ ಪೆಟ್ಟಿಗೆಯಲ್ಲಿ ಕೂತರು. ದೊರೆ ದಣಿದವರನ್ನು ಹೊರಗೆ ಕರೆದು ಹೊಸಬರನ್ನು ಒಳಗೆ ನೂಕಿದ. ಹೊರಗೆ ಬರಬೇಕಾದವರು ಬರಲು ಮರೆತರು. ಮೇಷ್ಟ್ರು ಎಣಿಸಿ ನೋಡಿ, "ಏನ್ರೀ ಇದು, ಮದುವೆ ದಿಬ್ಬಣವಾ?" ಎಂದು ಗದರಿದರು. ಅಷ್ಟರಲ್ಲಿ ಕರೀಮ್ ಚೆಂಡು ತಂದು ಹೊಡೆದ. ಚಿಕ್ಕಂದಿನಿಂದ ಕಂಡ ಹೊಡೆತ ಅದು, ಪಕ್ಕಕ್ಕೆ ಸರಿಯಬೇಕೆಂದು ನನಗೆ ಗೊತ್ತಿತ್ತು. ಆದರೆ ಕಣದ ಲೋಳೆಯಲ್ಲಿ ವಾರಗಟ್ಟಲೆ ಹೊರಳಿದ ಮೈ ನನ್ನ ಮಾತು ಕೇಳದೆ ಕೋಚ್ ಮಾತು ಕೇಳಿತು. ಬಿದ್ದೆ, ಮುಖ ಕೊಟ್ಟೆ.

ಕಣ್ಣು ಬಿಟ್ಟಾಗ ಕರೀಮ್ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಿನ್ ಮದ್ವೆ ಕೆಡಿಸ್ಬುಟ್ನಲ್ಲೋ ಶಿವಣ್ಣ," ಎಂದು ಅಳುತ್ತಿದ್ದ. ಅತ್ತ ಬೊಚ್ಚುದೊರೆ ಎರಡೂ ಕೈಯೆತ್ತಿ, "ಗೋಲ್ ಇಲ್ಲ! ಗೋಲ್ ಇಲ್ಲ!" ಎಂದು ಕುಣಿಯುತ್ತಿದ್ದ. ಆಮೇಲೆ ನನ್ನ ಬಾಯಿ ನೋಡಿದ, ಕುಣಿತ ನಿಲ್ಲಿಸಿದ. ಮಂಡಿಯೂರಿ ಧೂಳಿನಲ್ಲಿ ಕೈಯಾಡಿಸಿ ನನ್ನ ಹಲ್ಲುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿ ಕೊಟ್ಟ. ಹ್ಯಾಗೂ ಆ ಕೆಲಸದಲ್ಲಿ ಅನುಭವಸ್ಥ. ಪಂದ್ಯವನ್ನಂತೂ ನಾವು ಎಂದಿಗಿಂತ ಕೆಟ್ಟದಾಗಿ ಸೋತೆವು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತ್ತು.

ಶಾಸ್ತ್ರ ಮುಂದೂಡಿದರೆ ಅನುಮಾನ ಬರುತ್ತದೆ, ಹಾಸನದಲ್ಲಿ ಹಲ್ಲು ಕಟ್ಟಿಸಲು ಒಸಡು ಮಾಯಬೇಕು. ನಮ್ಮಪ್ಪ ಅಂಗಡಿಯಲ್ಲಿ ಕೂತು ತಕ್ಕಡಿ ನೋಡುತ್ತಾ ಒಂದು ಉಪಾಯ ಹೂಡಿದರು. "ಮೌನವ್ರತ ಅನ್ನನ. ಮಠದ ಸ್ವಾಮಿಗೋಳು ಶಿವರಾತ್ರಿಗಂಟ ಬಾಯಿ ತೆಗೀಬ್ಯಾಡ ಅಂದವ್ರೆ ಅನ್ನನ. ಬಾಯಿ ತೆಗ್ದ್ರೆ ತಾನೆ ಹಲ್ಲು?" ಎಂದರು. ಈ ಸಂಸಾರದಲ್ಲಿ ಬುದ್ಧಿವಂತರು ಯಾರೆಂದು ನಾನು ಮತ್ತೆ ಯೋಚಿಸಬೇಕಾಯಿತು.

ಆಲೂರಿನ ಆ ಮನೆಯ ಪಡಸಾಲೆಯಲ್ಲಿ ತುಟಿ ಬಿಗಿದು ಕೂತೆ. ನಂಜಪ್ಪಜ್ಜ ಎದುರಿಗೆ, ಬೆಳ್ಳಿ ಕಟ್ಟಿದ ಕೋಲು ಹಿಡಿದು. ವ್ರತದ ವಿಷಯ ಕೇಳಿ ತಲೆದೂಗಿದ. "ಒಳ್ಳೇದು ಬುಡಪ್ಪ. ಈ ಕಾಲ್ದ ಹುಡುಗ್ರಿಗೆ ಭಕ್ತಿ ಎಲ್ಲೈತೆ?" ನಮ್ಮಪ್ಪ ಉಸಿರು ಬಿಟ್ಟರು. ಅಷ್ಟರಲ್ಲಿ ಗಿರಿಜೆ ತಟ್ಟೆ ತಂದಿಟ್ಟು ಬಾಗಿಲ ಹಿಂದೆ ಹೋಗಿ ನಿಂತಳು. ತಟ್ಟೆಯ ತುಂಬ ಕೋಡುಬಳೆ. ಕೆಂಪಗೆ ಕರಿದು, ಬಡಿದರೆ ಠಣ್ ಎನ್ನುವಂಥ ಕೋಡುಬಳೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನನ್ನ ಮುಂದೆ ತಟ್ಟೆಯಲ್ಲಿ ಕೂತಿತ್ತು.

"ತಗಳಪ್ಪ," ಎಂದ ಅಜ್ಜ. ನಾನು ಕೈ ಮುಗಿದೆ. "ಮೌನ ಮಾತಿಗೆ ತಾನೆ, ತಿನ್ನಾಕೇನು ಅಡ್ಡಿ? ನನ್ ಮೊಮ್ಮಗಳೇ ಕರಿದಿರಾದು."

ನಮ್ಮಪ್ಪನ ಉಪಾಯ ಅಷ್ಟು ದೂರ ಯೋಚಿಸಿರಲಿಲ್ಲ. ಒಂದು ಕೋಡುಬಳೆಯನ್ನು ಕೆನ್ನೆಯ ಸಂದಿಗೆ ಸೇರಿಸಿ ಚೀಪುತ್ತಾ ಕೂತೆ. ಕಣ್ಣಲ್ಲಿ ನೀರು. ಅಜ್ಜ ಆ ಕೆನ್ನೆಯನ್ನೇ ನೋಡುತ್ತಿದ್ದ, ಸಂತೆಯಲ್ಲಿ ಮೇವು ತಿನ್ನದ ಹೋರಿಯನ್ನು ನೋಡುವ ಹಾಗೆ. ಆ ಹೊತ್ತಿಗೆ ಹೊರಗೆ ಜೀಪು ನಿಂತಿತು. ಕರೀಮ್ ಇಳಿದ. ಅವನ ಹಿಂದೆ ಬೊಚ್ಚುದೊರೆ. ವ್ರತದ ಸುಳ್ಳನ್ನು ಕರೀಮ್ ತಡೆಯಲಾರದೆ ದೊರೆಗೆ ಹೇಳಿದ್ದನಂತೆ, ದೊರೆ ನಡಿ ಎಂದನಂತೆ. ಕರೀಮ್ ಜಗಲಿಯಲ್ಲಿ ಕೂತ. ದೊರೆ ಬೂಟು ಬಿಚ್ಚಿ, ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ ಒಳಗೆ ಬಂದು, ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಸಿಕೊಂಡು ನಿಂತ.

"ನೀನು ಅಜ್ಜ ಇದೆಯಾ?"

"ಇದೀನಪ್ಪ. ನೀವ್ಯಾರು?"

"ಶಿವ ಮೌನ ಇಲ್ಲ. ಶಿವ ಹಲ್ಲು ಇಲ್ಲ. ತಪ್ಪು ನನ್ನದು. ನಾನು ಕೋಚ್."

"ಕೋಚ್ ಅಂದ್ರೇನ್ಲಾ?" ಎಂದು ಅಜ್ಜ ಗಾಬರಿಯಾಗಿ ಜಗಲಿಯ ಕಡೆ ತಿರುಗಿದ.

"ಆಟ ಕಲ್ಸೋ ಮೇಷ್ಟ್ರು ಕಣಜ್ಜ," ಎಂದ ಕರೀಮ್. "ಹಲ್ಲು ಉದ್ರಿಸಿದ್ದು ನಾನು, ಬಾಯಿ ಕೊಡಾಕೆ ಕಲ್ಸಿದ್ದು ಅವ್ರು."

ಆ ಮನುಷ್ಯನನ್ನು ಅಲ್ಲೇ ಕೊಂದುಹಾಕಬೇಕು ಎನ್ನಿಸಿತು. ನಂಜಪ್ಪಜ್ಜ ಎದ್ದು ನಿಂತ. ಕೋಲನ್ನು ನೆಲಕ್ಕೆ ಕುಟ್ಟಿದ. "ಸ್ವಾಮಿಗಳ ಹೆಸರ್ ಹೇಳಿ ನಂಗೆ ಟೋಪಿ ಹಾಕಾಕ್ ಬಂದ್ರಾ? ದನ ಮಾರೋನೂ ಇಂಥ ಕೆಲ್ಸ ಮಾಡಕ್ಕಿಲ್ಲ. ಏಳಿ ಮ್ಯಾಕೆ!" ನಮ್ಮಪ್ಪ ಎದ್ದರು. ನಾನು ಬಾಗಿಲ ಕಡೆ ನೋಡಿದೆ. ಅಲ್ಲಿ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು, ಅದೂ ಅಲುಗಲಿಲ್ಲ. ಇಷ್ಟೇ, ಮುಗಿಯಿತು ಎಂದುಕೊಂಡೆ.

ದೊರೆ ಹೋಗಲಿಲ್ಲ. ಬಾಯಿಗೆ ಕೈ ಹಾಕಿ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದು ಅಂಗೈ ಮೇಲಿಟ್ಟು ಅಜ್ಜನ ಮುಂದೆ ಹಿಡಿದ. "ನೋಡು. ನನಗೂ ಇಲ್ಲ. ಮದುವೆ ಆಯ್ತು. ಹೆಂಡತಿ ಒಳ್ಳೇದು ಇದೆ. ಮಕ್ಕಳು ಮೂರು ಇದೆ."

ಅಜ್ಜನ ಸಿಟ್ಟು ಅರ್ಧಕ್ಕೆ ನಿಂತಿತು. ಹಳೇ ಚಾಳಿ ಎಲ್ಲಿ ಹೋಗುತ್ತದೆ? ದೊರೆಯ ಗದ್ದ ಹಿಡಿದು ಬಗ್ಗಿಸಿ, ಹೆಬ್ಬೆರಳಲ್ಲಿ ತುಟಿ ಎತ್ತಿ, ಬೆಳಕಿಗೆ ತಿರುಗಿಸಿ ಚೆನ್ನಾಗಿ ನೋಡಿದ. ಅಷ್ಟು ದೊಡ್ಡ ಎಸ್ಟೇಟಿನ ದೊರೆ ಎತ್ತಿನ ಹಾಗೆ ಬಾಯಿ ತೆರೆದು ನಿಂತ.

"ಗಂಡ್ ಮಕ್ಳಾ? ಹೆಸ್ರೇನು?"

ದೊರೆಯ ಹಣೆಯಲ್ಲಿ ಬೆವರೊಡೆಯಿತು. "ಟೆಡ್," ಎಂದ. ಸ್ವಲ್ಪ ತಡೆದು, "ಬಾಬ್." ಇನ್ನೂ ಸ್ವಲ್ಪ ತಡೆದು, "ಹ್ಯಾರಿ."

ನನ್ನ ಬಾಯಿಯ ಕೋಡುಬಳೆ ಗಂಟಲಿಗೆ ಇಳಿಯುವುದರಲ್ಲಿತ್ತು. ಬಂಗಲೆಯ ಗೋಡೆಯ ಫೋಟೋ ನನ್ನ ಕಣ್ಣ ಮುಂದೆ ನಿಂತಿತು. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಈ ಮನುಷ್ಯನಿಗೆ ಅದೂ ಇರಲಿಲ್ಲ.

"ದೊಡ್ಡೋನು ಏನ್ ಮಾಡ್ತಾನೆ?"

"ಟೆಡ್? ತಿಂತದೆ. ಬಾಬ್ ಜಗಳ ಮಾಡ್ತದೆ. ಹ್ಯಾರಿ ಹಾಡ್ತದೆ."

ಬಾಗಿಲ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿತು. ಅಜ್ಜನೂ ತಡೆಯಲಾರದೆ ನಕ್ಕು ಕೂತ. "ಎಲ್ಲಾರ್ ಮನೇಲೂ ಅಂಗೇ ಬುಡು," ಎಂದ. ಆಮೇಲೆ ನಮ್ಮಪ್ಪನ ಕಡೆ ತಿರುಗಿದ. "ನೋಡ್ರಿ, ನಮ್ ಜಾತಿಯೋರು, ನಮ್ ಮಠದೋರು, ನೀವು ನಂಗ್ ಸುಳ್ ಹೇಳಿದ್ರಿ. ಎಲ್ಲಿಂದ್ಲೋ ಬಂದ ಈ ಮನ್ಷ ಮಾನ ಬುಟ್ಟು ಬಾಯಿ ತೆಗ್ದು ನಿಜ ಹೇಳ್ದ. ಆ ನಿಜಕ್ಕೆ ಹೆಣ್ ಕೊಡ್ತೀನಿ, ನಿಮ್ ಮಕ ನೋಡಲ್ಲ. ಹಲ್ಲುದ್ರಿದ ಎತ್ತೂ ಗಾಡಿ ಎಳೀತೈತೆ. ಆದ್ರೆ ಆ ದರಿದ್ರ ಆಟ ಮಾತ್ರ ಮುಟ್ಟಂಗಿಲ್ಲ."

ಹಿಂದಿರುಗುವಾಗ ಜೀಪಿನಲ್ಲಿ ತೊದಲುತ್ತಾ ಕೇಳಿದೆ, ಆ ಹೆಂಡತಿ ಮಕ್ಕಳು ಎಲ್ಲಿಂದ ಬಂದರು ಎಂದು. ದೊರೆ ಹಲ್ಲಿನ ಸೆಟ್ಟನ್ನು ಅಂಗಿಗೆ ಒರೆಸಿ ಬಾಯಿಗೆ ಸೇರಿಸುತ್ತಾ, "ಗೋಲ್ ಕಾಯೋನು ಬಿತ್ತು. ಇನ್ನೊಬ್ಬ ಮುಂದೆ ಬೀಳಬೇಕು," ಎಂದ. ಅವನ ಪಾಠಗಳಲ್ಲಿ ಒಂದು ನಿಜವಾಗಿ ಉಪಯೋಗಕ್ಕೆ ಬಂದದ್ದು ಅವತ್ತೇ. ಅದಕ್ಕೂ ಹಾಕಿಗೂ ಸಂಬಂಧವಿರಲಿಲ್ಲ.

ಮದುವೆಯಾಯಿತು. ಎಸ್ಟೇಟನ್ನು ನಮ್ಮ ಕಡೆಯ ಸಾಹುಕಾರರೊಬ್ಬರು ಕೊಂಡರು. ದೊರೆಗೆ ಅವನ ದೇಶದಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಸಿಕ್ಕಿತು. ಆ ದೇಶದ ಹಾಲುಹಲ್ಲುಗಳ ಗತಿ ನೆನೆದು ನನಗೆ ಅಯ್ಯೋ ಎನ್ನಿಸಿತು. ಕರೀಮನ ಜೀಪಿನಲ್ಲಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಮಾರನಹಳ್ಳಿಯವರೆಗೆ ಕಳಿಸಲು ನಾನೂ ಗಿರಿಜೆಯೂ ಹೋದೆವು. ಅಲ್ಲಿನ ಹೋಟೆಲಿನ ಮುಂದೆ ದೊರೆ ಈ ಕೋಲನ್ನು ನನ್ನ ಕೈಗೆ ಕೊಟ್ಟ. ಏನು ಮಾಡಲಿ ಎಂದು ಕೇಳಿದ್ದಕ್ಕೆ ಹೆಗಲು ಕುಣಿಸಿದ. ಆಗ ಗಿರಿಜೆ ಸೆರಗಿನ ಮರೆಯಿಂದ ಮೂರು ಗಂಟುಗಳನ್ನು ತೆಗೆದಳು. ಹಳೇ ಪಂಚೆಯ ತುಂಡಿನಲ್ಲಿ ಬೇರೆ ಬೇರೆ ಕಟ್ಟಿದ ಕೋಡುಬಳೆ. ಹಿಂದಿನ ದಿನವೆಲ್ಲ ಒಲೆಯ ಮುಂದೆ ಕೂತು ಕರಿದಿದ್ದಳು. ಯಾರಿಗೆ ಎಂದು ನಾನು ಕೇಳಿರಲಿಲ್ಲ.

"ಮಕ್ಳಿಗೆ ದೊರೆಗಳೇ. ಒಂದೇ ಗಂಟು ಕಟ್ಟಿದ್ರೆ ಕಿತ್ತಾಡ್ತವೆ ಅಂತ ಮೂರು ಮಾಡ್ದೆ."

ದೊರೆ ನನ್ನ ಮುಖ ನೋಡಿದ. ನಾನು ಎದುರಿನ ಗುಡ್ಡ ನೋಡಿದೆ. ಅವನು ಗಂಟುಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ, ಒಂದನ್ನು ಅವಳಿಗೆ ಹಿಂದಕ್ಕೆ ಕೊಟ್ಟು, "ಇದು ಟೆಡ್. ಸ್ವಲ್ಪ ಜಾಸ್ತಿ ಹಾಕು. ಟೆಡ್ ಬಹಳ ತಿಂತದೆ," ಎಂದ.

ಗಿರಿಜೆ ಅಲ್ಲೇ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚಿ, ಬಾಬ್ ಮತ್ತು ಹ್ಯಾರಿಯ ಪಾಲಿನಿಂದ ಒಂದಿಷ್ಟು ತೆಗೆದು ಟೆಡ್‌ನ ಗಂಟಿಗೆ ಹಾಕಿದಳು. ಕರೀಮ್ ಹಾರನ್ ಬಾರಿಸಲಿಲ್ಲ; ಸ್ಟೀರಿಂಗ್ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಜೀಪು ಹೊರಟಿತು. ದೊರೆ ಸಾಮಾನನ್ನೆಲ್ಲ ಹಿಂದೆ ಎಸೆದಿದ್ದ. ಆ ಮೂರು ಗಂಟುಗಳನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು, ತಿರುವು ಬಂದಾಗ ಬೀಳದ ಹಾಗೆ ಎರಡೂ ಕೈಯಿಂದ ಅವುಚಿ ಹಿಡಿದಿದ್ದ. ಜೀಪು ಮರೆಯಾಗುವವರೆಗೂ ನಾನು ಕೋಲೆತ್ತಿ ಬೀಸುತ್ತಾ ನಿಂತೆ. ಆ ಮನುಷ್ಯನ ವಿಷಯದಲ್ಲಿ ನಾನು ಹಾಗೆ ಮಾಡಿದ್ದು ಅದೊಂದೇ ಸಲ, ಅದಕ್ಕಾಗಿ ಅವನ ಮೇಲೆ ಇನ್ನೂ ಸಿಟ್ಟಿದೆ.

ಆಮೇಲೆ ಅವನಿಂದ ಸುದ್ದಿಯಿಲ್ಲ. ಈಗ ನಮ್ಮದೇ ಒಂದಿಷ್ಟು ತೋಟವಿದೆ, ಕಣವಿದೆ. ಪ್ರತಿವರ್ಷ ಕಾಫಿ ಹರಡಿದಾಗ ಈ ಕೋಲು ಹೊರಬರುತ್ತದೆ, ಕೋಲಿನ ಜೊತೆ ಗಿರಿಜೆಯ ಪ್ರಶ್ನೆಯೂ ಬರುತ್ತದೆ: "ಆ ಮಕ್ಳು ಈಗ ಏನ್ ಮಾಡ್ತಾ ಇರ್ಬೋದು ಕಣ್ರೀ?" ದೊರೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಾನು ಅಂಗಡಿಯವರ ಮಗ, ನನಗೆ ಚೆನ್ನಾಗಿ ಬರುತ್ತದೆ. ಹೋದ ವರ್ಷ ಟೆಡ್‌ಗೆ ಮದುವೆ ಮಾಡಿಸಿದೆ. ಹುಡುಗಿಯ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲ ಎಂದೆ, ಸದ್ಯ ಎಂದಳು. ಹ್ಯಾರಿಯನ್ನು ಸಂಗೀತಕ್ಕೆ ಹಾಕಿದೆ. ಈ ವರ್ಷ, ನಿನ್ನೆ ತಾನೇ, ಕರೀಮನಿಗೆ ಕಾಗದ ಬಂದಿದೆಯಂತೆ ಎಂದು ಶುರುಮಾಡಿ, ಬಾಬ್ ಅಪ್ಪನ ಹಾಗೆ ಐಸ್ ಹಾಕಿಗೆ ಸೇರಿದ್ದಾನೆ ಎಂದೆ.

ಗಿರಿಜೆ ಕೆದಕುವುದನ್ನು ನಿಲ್ಲಿಸಿದಳು. ಕೋಲಿನ ಮೇಲೆ ಗದ್ದ ಊರಿ, ಒಂದು ಗಳಿಗೆ ನನ್ನ ಬಾಯಿಯನ್ನೇ ನೋಡಿದಳು.

"ಇವತ್ತೇ ಬರೀರಿ," ಎಂದಳು. "ಹಲ್ಲು ಜ್ವಾಪಾನ ಅಂತ."